ಭಾರದ ಉಗುರು

ದಾವಲಸಾಬ ಮಾಸ್ತರರು ಯಲಬುರ್ಗಾದಿಂದ ಬಸ್ಸಿಳಿದು
ನಮ್ಮ ಕಟ್ಟೆಗೆ ಬಂದಾಗ ಕೈಯಲ್ಲೊಂದು ಮಡಚಿದ ಚಿತ್ರ.
"ಸಾಲಿಗೆ ಇದೊಂದು ಬೇಕಾಗಿತ್ತು, ಗ್ಯಾನಪ್ಪ.
ಮಕ್ಕಳು ಮುಟ್ಟಿ ನೋಡೋ ಹಾಂಗ."
ಬಗ್ಗಿ ನೋಡಿದೆ: ಮೊಸಳೆಯ ಮೂತಿ, ಕೋಳಿಯ ಕಾಲು,
ಮುಂಗೈಯ ಹೆಬ್ಬೆರಳಿಗೆ ಕುಡುಗೋಲಿನಂಥ ಉಗುರು.

ಕಾಕಾ ಚಿತ್ರ ನೋಡಲಿಲ್ಲ. ಮೊದಲು ಕೇಳಿದ್ದು ಹೆಸರು.
"ಬ್ಯಾರಿಯೋನಿಕ್ಸ್."
"ಅದು ಕರಿಯೋ ಹೆಸರಾತು. ಅರ್ಥ ಹೇಳ್ರಿ.
ಅರ್ಥ ತಿಳೀದ ನಾ ಉಳಿ ಮುಟ್ಟಂಗಿಲ್ಲ."
ಮಾಸ್ತರರು ಗಂಟಲು ಸರಿಮಾಡಿಕೊಂಡರು, ತರಗತಿಯಲ್ಲಿದ್ದಂತೆ:
"ಭಾರದ ಉಗುರು."

ಕಾಕಾ ನಕ್ಕ ನಗೆಗೆ ಜಂತಿಯ ಗುಬ್ಬಿ ಎದ್ದಿತು.
ಪೊಳಕಿ ತುಂಡೊಂದನ್ನೆತ್ತಿ ಮಾಸ್ತರರ ಅಂಗೈಗಿಟ್ಟ.
"ತೂಗ್ರಿ."
ಕಿನ್ನಾಳದ ಮರ ಅದು, ಇಟ್ಟದ್ದು ಕೈಗೆ ತಿಳಿಯುವುದಿಲ್ಲ.
ಗರುಡ ಅದರಿಂದಲೇ ಆಗುತ್ತಾನೆ, ಗೌರವ್ವ ಅದರಿಂದಲೇ,
ಹಾರುವವನಿಗೂ ಕೂತವಳಿಗೂ ಒಂದೇ ತೂಕ.
"ಇದರಾಗ ಭಾರ ಎಲ್ಲಿಂದ ತರ್ಲಿ?"

ಆಮೇಲೆ ಮಾಸ್ತರರು ಹೇಳಿದ್ದು, ಚಹಾ ಆರುತ್ತಿದ್ದಾಗ:
ಎಲ್ಲೋ ದೂರದ ದೇಶದ ಜೇಡಿಮಣ್ಣಿನ ಗುಂಡಿಯಲ್ಲಿ
ಒಬ್ಬ ಹವ್ಯಾಸಿಗೆ ಮೊದಲು ಸಿಕ್ಕದ್ದು ಬರೇ ಉಗುರು,
ಗೇಣಿಗಿಂತ ಉದ್ದ.
ಮೈ ಆಮೇಲೆ ಸಿಕ್ಕಿತು, ಎಲುಬು ಎಲುಬಾಗಿ.
ಹೊಟ್ಟೆಯ ಜಾಗದಲ್ಲಿ ಮೀನಿನ ಹುರುಪೆ.
ಆದರೂ ಹೆಸರು ಉಗುರಿಗೇ ಹೋಯಿತು.
ನೀರಲ್ಲಿ ಕಾಯ್ದು ನಿಂತ ಕಾಲಿಗಲ್ಲ, ಹಸಿದ ಹೊಟ್ಟೆಗಲ್ಲ.

ನಾನು ಒಳಗೆ ಹುಣಸೆಬೀಜ ಅರೆಯುತ್ತಿದ್ದೆ.
ಕಲ್ಲು ನಿಂತಿತು. ನನ್ನ ಉಗುರು ನೋಡಿಕೊಂಡೆ:
ಅಂಟು, ನಾರಿನ ಪುಡಿ, ಬೆಣಚುಕಲ್ಲಿನ ಪುಡಿ,
ಹೋದ ವರ್ಷದ ಇಂಗಳೀಕದ ಕೆಂಪು.
ಅವ್ವನ ಉಗುರು ಇನ್ನೂ ದಪ್ಪ, ಕತ್ತರಿ ಹತ್ತುವುದಿಲ್ಲ,
ಕಾಕಾನ ಸಣ್ಣ ಚಾಣದಿಂದಲೇ ಹೆರೆದುಕೊಳ್ಳುತ್ತಾಳೆ.
ಯಾರೋ ಒಂದಿನ ಕಿನ್ನಾಳ ಅಗೆದು
ಅದೊಂದೇ ಸಿಕ್ಕರೆ ಏನಂತ ಕರೆದಾರು?

ಮೂರನೇ ದಿನ ಮೈ ಸಿದ್ಧ. ಉಗುರು ಮಾತ್ರ
ಕಾಕಾ ಹುಣಸೆಯ ಚೇಗಿನಲ್ಲಿ ಕೆತ್ತಿದ.
ಉಳಿ ಎರಡು ಸಲ ಮುಕ್ಕಾಯಿತು, ಬೈಗುಳ ಲೆಕ್ಕವಿಲ್ಲ.
ಹಚ್ಚಿ ನಿಲ್ಲಿಸಿದರೆ ಪ್ರಾಣಿ ಮೂತಿಯ ಮೇಲೆ ಬಿತ್ತು.
ಮತ್ತೆ ನಿಲ್ಲಿಸಿದ. ಮತ್ತೆ ಬಿತ್ತು.
"ಹೆಸರಿಗೆ ತಕ್ಕಂಗ ಐತಿ," ಅಂದಳು ಅವ್ವ.
ಕೊನೆಗೆ ಬಾಲ ಕೊರೆದು, ನನ್ನ ಸೈಕಲ್ಲಿನ ಹಳೇ ಗುಂಡು ಏಳು
ಒಳಗೆ ತುಂಬಿ, ಅಂಟು ಮೆತ್ತಿದ. ನಿಂತಿತು.
ಇದನ್ನು ಮಾಸ್ತರರಿಗೆ ಹೇಳಬಾರದೆಂದು ನನಗೆ ತಾಕೀತು.

ಬಣ್ಣಕ್ಕೆ ಬಂದಾಗ ಫೋನು ಹಚ್ಚಿದ್ದು ನಾನು.
"ಯಾವ ಬಣ್ಣ, ಸರ?"
"ಅದು ಯಾರಿಗೂ ಗೊತ್ತಿಲ್ಲವಾ."
ಕಾಕಾ ಕುಂಚ ಕೆಳಗಿಟ್ಟ.
ನಲವತ್ತು ವರ್ಷ ಯಾವ ದೇವರೂ ಅವನಿಗೆ ಹಾಗೆ ಅಂದಿರಲಿಲ್ಲ.
ಗರುಡನ ಹಸಿರು ಅವನಪ್ಪನ ಹಸಿರು, ಅಪ್ಪನಪ್ಪನದು.
ಸಂಜೆತನಕ ಕೂತ. ಬೀಡಿ ಬೆರಳಲ್ಲೇ ಆರಿತು.
ಆಮೇಲೆ ಕುಂಚವನ್ನು ನನ್ನ ಕಡೆ ಸರಿಸಿದ, ಮುಖ ನೋಡದೆ,
ಊಟಕ್ಕೆ ಕೂತಾಗ ಉಪ್ಪು ಸರಿಸಿದಂತೆ.
ಅಲ್ಲಿಯತನಕ ನಾನು ಬಣ್ಣ ತೇದವಳು, ಹಚ್ಚಿದವಳಲ್ಲ.

ಹಿರೇಹಳ್ಳದಲ್ಲಿ ನೀರು ಸರಿದ ಮೇಲೆ ಉಳಿಯುವ
ಕೆಸರಿನ ಬಣ್ಣ ಕಲಸಿದೆ,
ಮೀನಿಗಾಗಿ ಕಾಯುವವನಿಗೆ ಒಪ್ಪುವಂಥದು.
ಬೆನ್ನಿಗೆ ಹುಣಸೆ ತೊಪ್ಪಲಿನ ಪಟ್ಟೆ.
ಹೊಟ್ಟೆಯ ಮೇಲೆ ತವರದ ಬೆಳ್ಳಿಯಲ್ಲಿ ನಾಲ್ಕು ಹುರುಪೆ,
ಒಳಗಿದ್ದ ಮೀನಿನ ನೆನಪಿಗೆ.
ಉಗುರಿಗೆ ಏನೂ ಹಚ್ಚಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ ಕೇಳಿದನಂತೆ, "ಮೊಸಳಿಗೆ ಅರ್ಧ ಟಿಕೀಟೇನ್ರಿ?"
ಕುಕನೂರು ಬರುವ ತನಕ ಮಾಸ್ತರರು
ಹೆಸರು ಬಿಡಿಸಿ ಬಿಡಿಸಿ ಹೇಳಿದರಂತೆ.
"ಹಂಗಾರ ಉಗುರಿಗಷ್ಟ ಲಗೇಜು ಹಾಕ್ತೀನಿ," ಅಂದನಂತೆ ಅವನು.

ನನ್ನ ಹೆಬ್ಬೆರಳಿನ ಸಂದಿಯಲ್ಲಿ ಆ ಕೆಸರು
ಇನ್ನೂ ಇದೆ. ಸೀಗೆಪುಡಿಗೆ ಹೋದೀತು.
ತಿಕ್ಕಿಲ್ಲ.